ಎಸ್ಸೆಸ್ಸೆಲ್ಸಿಗೆ ಬಲಿಯಾದ ಮೀಸೆ

ಹೆದರುವುದರಲ್ಲಿ ಕಾಂತರಾಜನಷ್ಟು ಶ್ರದ್ಧೆ ಇರುವ ಮನುಷ್ಯ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇನ್ನೊಬ್ಬನಿರಲಿಲ್ಲ. ಬೇರೆಯವರು ನಾಯಿ ಬೊಗಳಿದರೆ ಹೆದರುತ್ತಾರೆ. ಕಾಂತರಾಜ ಬೊಗಳದೆ ತೆಪ್ಪಗೆ ಮಲಗಿರುವ ನಾಯಿಯನ್ನು ಕಂಡರೂ, ಇದರ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದು ಇನ್ನೊಂದು ಬೀದಿ ಹಿಡಿಯುತ್ತಿದ್ದ. ಆದರೆ ಇವೆಲ್ಲ ಚಿಲ್ಲರೆ ಭಯಗಳು. ಅವನ ದೊಡ್ಡ ಭಯ ಅವನ ಮನೆಯಲ್ಲೇ, ನಡುಮನೆಯ ಮಂಚದ ಮೇಲೆ ಕೂತಿರುತ್ತಿತ್ತು. ಅದರ ಹೆಸರು ಭೂತಪ್ಪ, ಕಾಂತರಾಜನ ಹೆತ್ತ ತಂದೆ.

ಭೂತಪ್ಪನವರಿಗೆ ಎಪ್ಪತ್ತೆಂಟು ವರ್ಷ. ಊರಿನ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ನಿಂತು ದುಡಿದವರು. ಆ ಗದ್ದಲದಲ್ಲಿ ಮಾತಾಡಿ ಮಾತಾಡಿ ಈಗ ಅವರ ಪಿಸುಮಾತು ಕೂಡ ಮೂರನೇ ಮನೆಗೆ ಕೇಳುತ್ತಿತ್ತು. ಆಡಿದ ಮಾತು ಎಂದರೆ ಅವರಿಗೆ ಕಲ್ಲಿನ ಮೇಲೆ ಬರೆದದ್ದು. ಒಮ್ಮೆ ತಮ್ಮನ ಮೇಲೆ ಸಿಟ್ಟಾಗಿ "ನಿನ್ನ ಮನೆ ಹೊಸಿಲು ತುಳಿಯಲ್ಲ" ಎಂದುಬಿಟ್ಟರು. ಅದೇ ತಮ್ಮನ ಮಗಳ ಮದುವೆಗೆ ಹೋದರು, ಬೀದಿಯ ಚಪ್ಪರದಲ್ಲೇ ಊಟಕ್ಕೆ ಕೂತರು. ಮಳೆ ಬಂತು, ಒಳಗೆ ಬನ್ನಿ ಎಂದು ಎಲ್ಲರೂ ಕೈ ಹಿಡಿದು ಎಳೆದರೂ ಏಳಲಿಲ್ಲ. ಎಲೆಯ ಮೇಲೆ ಛತ್ರಿ ಹಿಡಿಸಿಕೊಂಡು ಪಾಯಸ ಮುಗಿಸಿ, ಕೈ ತೊಳೆದು, ಹುಡುಗಿಗೆ ಬೀದಿಯಿಂದಲೇ ಅಕ್ಷತೆ ಎಸೆದು ಬಂದರು.

ಇಂಥ ತಂದೆಗೆ ಕಾಂತರಾಜ ಹದಿನಾರನೇ ವಯಸ್ಸಿನಲ್ಲಿ ಒಂದು ಸುಳ್ಳು ಹೇಳಿದ್ದ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಶಾಲೆಯ ಬೋರ್ಡಿನಲ್ಲಿ ಪಾಸಾದವರ ನಂಬರುಗಳ ನಡುವೆ ಅವನ ನಂಬರು ಇರಲಿಲ್ಲ. ಮನೆಗೆ ಬಂದರೆ ಭೂತಪ್ಪನವರು ಶಿಫ್ಟ್ ಮುಗಿಸಿ, ಪೇಡದ ಪೊಟ್ಟಣ ಕಟ್ಟಿಸಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. "ಪಾಸಾ?" ಎಂದರು. ಕಾಂತರಾಜ ಪೇಡದ ಕಡೆ ನೋಡಿದ, ಅಪ್ಪನ ಅಗಲವಾದ ಕೈಯ ಕಡೆ ನೋಡಿದ, "ಹೂಂ" ಎಂದ. ಆ ಸಂಜೆ ಬೀದಿಯವರೆಲ್ಲ ಪೇಡ ತಿಂದರು. ಅವನು ಮುಂದೆ ಓದಲ್ಲ, ದುಡಿಯುತ್ತೇನೆ ಎಂದು ಒಂದು ಸಣ್ಣ ಫೌಂಡ್ರಿ ಸೇರಿದ. ಮುಂದೆ ಅದೇ ಪಾಸಿನ ಬಲದ ಮೇಲೆ ಭೂತಪ್ಪನವರು ಶಿವಮೊಗ್ಗದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಓಬಯ್ಯನವರ ಮಗಳು ಮೈತ್ರಿಯನ್ನು ಸೊಸೆಯಾಗಿ ತಂದರು. "ಹುಡುಗ ಎಸ್ಸೆಸ್ಸೆಲ್ಸಿ ಪಾಸು" ಎಂದು ಅವರು ಹೇಳಿದ್ದು ಕಲ್ಯಾಣಮಂಟಪದ ಅಡುಗೆಮನೆಗೂ ಕೇಳಿತ್ತು.

ಮೂವತ್ತು ವರ್ಷ ಯಾರೂ ಆ ಕಾರ್ಡನ್ನು ಕೇಳಲಿಲ್ಲ. ಈಗ ಫೌಂಡ್ರಿಗೆ ನವೀನ್ ಎಂಬ ಹೊಸ ಮ್ಯಾನೇಜರ್ ಬಂದು, "ಕಾಂತರಾಜ್, ನಿಮ್ಮನ್ನ ಸ್ಟೋರ್ಸ್ ಇನ್‌ಚಾರ್ಜ್ ಮಾಡ್ತೀನಿ. ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದ್ಕೊಡಿ" ಎಂದ. ಬೇರೆಯವನಾಗಿದ್ದರೆ ಕುಣಿದಾಡುತ್ತಿದ್ದ. ಕಾಂತರಾಜನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಬಡ್ತಿಯ ಸುದ್ದಿ ಅಪ್ಪನಿಗೆ ಗೊತ್ತಾದರೆ ಅವರು ಕಾರ್ಡು ಹುಡುಕಲು ಅಟ್ಟ ಹತ್ತುತ್ತಾರೆ. ಅಟ್ಟದಲ್ಲಿ ಏನೂ ಇಲ್ಲ ಎಂದಮೇಲೆ ನೇರವಾಗಿ ಅವನ ಮೈಮೇಲೆ ಇಳಿಯುತ್ತಾರೆ. ಇದಕ್ಕೆ ಉಳಿದದ್ದು ಒಂದೇ ದಾರಿ. ಯಾರಿಗೂ ಗೊತ್ತಾಗದಂತೆ ಈಗ ಪರೀಕ್ಷೆ ಕಟ್ಟಿ ಪಾಸು ಮಾಡಿಬಿಡುವುದು.

ಆದರೆ ನಲವತ್ತಾರರಲ್ಲಿ ಪರೀಕ್ಷೆಗೆ ಕೂರಿಸುತ್ತಾರೆಯೇ? ಕೇಳಲು ಅವನು ಬೀದಿ ತುದಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ ಪರಮೇಶನ ಹತ್ತಿರ ಹೋದ. ಪರಮೇಶನ ನಾಲಿಗೆಗೆ 'ಗೊತ್ತಿಲ್ಲ' ಎಂಬ ಮಾತೊಂದು ತಿರುಗುತ್ತಿರಲಿಲ್ಲ.

"ನಮ್ಮ ಕಡೆಯವನೊಬ್ಬ ಇದಾನೆ. ನಲವತ್ತಾರು ವಯಸ್ಸು. ಈಗ ಎಸ್ಸೆಸ್ಸೆಲ್ಸಿ ಕಟ್ಟಬೋದಾ ಅಂತ ಕೇಳ್ತಿದ್ದ" ಎಂದ ಕಾಂತರಾಜ.

"ನಲವತ್ತಾರಾ? ಎಲ್ಲಿಗೆ ಬಂತು ಮಾರಾಯ! ಪೊಲೀಸಿಗೆ ಏಜ್ ಲಿಮಿಟ್ ಇದೆ, ಮಿಲಿಟ್ರಿಗೆ ಇದೆ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗೆ ಮಾಂಸ ಹಾಕೋನಿಗೂ ಇರುತ್ತೆ. ಎಸ್ಸೆಸ್ಸೆಲ್ಸಿಗೆ ಇಲ್ದೆ ಇರುತ್ತಾ? ಮೂವತ್ತೈದು ದಾಟಿರಬಾರದು. ದಾಟಿದ್ದು ಸಿಕ್ಕಿಬಿದ್ರೆ ಕೇಸು."

"ಕೇಸಾ?"

"ಮತ್ತೆ? ಸರ್ಕಾರಕ್ಕೆ ಮೋಸ ಅಲ್ವಾ ಅದು?" ಪರಮೇಶ ದನಿ ತಗ್ಗಿಸಿದ. "ಆದ್ರೆ ಒಂದು ದಾರಿ ಇದೆ. ಆಫೀಸಲ್ಲಿ ಮೊದ್ಲು ನೋಡೋದು ಮುಖ, ಆಮೇಲೆ ಕಾಗದ. ಮುಖ ಎಳಸಾಗಿ ಕಂಡ್ರೆ ಆಧಾರ್ ಕಾರ್ಡನ್ನ ಯಾರು ತಿರುಗಿಸಿ ನೋಡ್ತಾರೆ? ನಿಮ್ಮ ಕಡೆಯವನಿಗೆ ಮೀಸೆ ಇದೆಯಾ?"

"ಇ... ಇದೆ ಅಂತ ಕಾಣುತ್ತೆ" ಎಂದ ಕಾಂತರಾಜ, ತನ್ನ ಮೀಸೆಗೆ ಕೈ ಅಡ್ಡ ಹಿಡಿದುಕೊಂಡು.

"ಬೋಳಿಸಿಬಿಡು ಅನ್ನು. ಹತ್ತು ವರ್ಷ ಅಲ್ಲೇ ಉದುರುತ್ತೆ."

ಇಲ್ಲೊಂದು ವಿಷಯವಿದೆ. ಅಪ್ಪ ಬದುಕಿರುವಾಗ ಗಂಡುಮಗ ಮೀಸೆ ತೆಗೆಸುವಂತಿಲ್ಲ. ತಲೆಯೂ ಮೀಸೆಯೂ ಒಟ್ಟಿಗೆ ಹೋದರಂತೂ ಮನೆಯ ಹಿರಿಯರು ಹೋಗಿದ್ದಾರೆ ಎಂದೇ ಲೆಕ್ಕ. ಇದು ಓಲ್ಡ್ ಟೌನಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕಾಂತರಾಜನಿಗೂ ಗೊತ್ತಿತ್ತು. ಆದರೆ ಕೇಸು ಎಂಬ ಶಬ್ದ ಒಂದು ಕಿವಿಯಿಂದ ಒಳಗೆ ಹೋದಾಗ ಉಳಿದದ್ದೆಲ್ಲ ಇನ್ನೊಂದು ಕಿವಿಯಿಂದ ಹೊರಗೆ ಹೋಗಿತ್ತು.

ಶಿವಮೊಗ್ಗಕ್ಕೆ ಹೋಗಲು ನೆಪವೂ ಸಿಕ್ಕಿತು. ಭೂತಪ್ಪನವರಿಗೆ ಒಂದು ತಿಂಗಳಿಂದ ಕೆಮ್ಮು. ಹಿಂದಿನ ವಾರ ಶಿವಮೊಗ್ಗದ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿದ್ದರು, ರಿಪೋರ್ಟ್ ತರಬೇಕಿತ್ತು. ಕುಲುಮೆಗೆ ಹೆದರದ ಮನುಷ್ಯ ಆ ಸ್ಕ್ಯಾನಿನ ಗೂಡೊಳಗೆ ಹೋಗಿ ಬಂದಾಗಿನಿಂದ ಸ್ವಲ್ಪ ಮೆತ್ತಗಾಗಿದ್ದರು. "ರಿಪೋರ್ಟ್ ತಗೊಂಡು ನೆಟ್ಟಗೆ ಮನೆಗೆ ಬಾ. ಏನಿದ್ರೂ ನಂಗೆ ಹೇಳು, ಮುಚ್ಚಿಡಬೇಡ" ಎಂದು ಬೆಳಿಗ್ಗೆ ಎರಡು ಸಲ ಹೇಳಿ ಕಳಿಸಿದರು.

ಕಾಂತರಾಜ ಶಿವಮೊಗ್ಗದಲ್ಲಿ ಬಸ್ಸಿಳಿದು, ಗುರುತಿನವರು ಯಾರೂ ಬಾರದಂಥ ಗಲ್ಲಿಯೊಂದರಲ್ಲಿ ಕ್ಷೌರದಂಗಡಿ ಹುಡುಕಿ ಕೂತ. "ಮೀಸೆ ಪೂರ್ತಿ ತೆಗೀರಿ. ತಲೇಲಿ ಒಂದು ಬಿಳಿ ಕೂದಲೂ ಕಾಣಬಾರದು" ಎಂದ.

ಅಂಗಡಿಯ ಗೋವಿಂದ ಒಡನೆ ಹಾಡು ಬರುತ್ತಿದ್ದ ರೇಡಿಯೋ ಆರಿಸಿದ. ಬಹಳ ಮೃದುವಾಗಿ ಬಟ್ಟೆ ಹೊದಿಸಿದ. ಕತ್ತಿ ಮಸೆಯುತ್ತಾ, "ತಂದೆಯವರಿಗೆ ವಯಸ್ಸೆಷ್ಟಣ್ಣ?" ಎಂದು ಕೇಳಿದ.

ತನ್ನ ವಯಸ್ಸು ಕೇಳಲಿಲ್ಲವಲ್ಲ ಎಂದು ಕಾಂತರಾಜನಿಗೆ ಸಮಾಧಾನವಾಯಿತು. "ಎಪ್ಪತ್ತೆಂಟು."

"ತುಂಬು ವಯಸ್ಸು ಬಿಡಿ. ತುಂಬಾ ದಿನ ಮಲಗಿದ್ರಾ?"

"ಮಲಗೋದೆಲ್ಲಿ ಬಂತು? ಬೆಳಿಗ್ಗೆ ಕೂಡ ಎರಡು ಸಲ ಬೈದರು."

"ಪುಣ್ಯವಂತರು" ಎಂದು ಗೋವಿಂದ ಕಣ್ಣೊರೆಸಿಕೊಂಡ. ಬಿಳಿ ಕೂದಲು ಕಾಣಬಾರದು ಎಂದರೆ ಕರಿಯದನ್ನು ಬಿಡುವುದು ಹೇಗೆ? ತಲೆ ನುಣ್ಣಗಾಯಿತು. ಕನ್ನಡಿಯಲ್ಲಿ ಕಂಡ ಮುಖವನ್ನು ಕಾಂತರಾಜ ಗುರುತು ಹಿಡಿಯಲಿಲ್ಲ. ಗುರುತು ಸಿಗದಿದ್ದರೆ ಒಳ್ಳೆಯದೇ ಎಂದು ಎದ್ದು ಹೊರಟ.

ಖಾಸಗಿಯಾಗಿ ಪರೀಕ್ಷೆ ಕಟ್ಟುವವರ ಅರ್ಜಿ ತೆಗೆದುಕೊಳ್ಳುತ್ತಿದ್ದುದು ಒಂದು ಹೈಸ್ಕೂಲಿನಲ್ಲಿ. ಕಿಟಕಿಯ ಹಿಂದೆ ಯಶೋಧರಾ ಎಂಬ ಮೇಡಂ ಇದ್ದರು. ಅವನ ತಲೆ ನೋಡಿ, ಮೂಗಿನ ಕೆಳಗೆ ನೋಡಿ, ಅವರ ಮುಖ ಕರಗಿತು. "ಅನುಕಂಪದ ಕೆಲಸಕ್ಕಾ? ಪಾಪ, ತಂದೆ ಸರ್ವೀಸಲ್ಲಿದ್ದಾಗಲೇ ಹೋದ್ರಾ?"

"ಇಲ್ಲ ಮೇಡಂ, ಅವರು ರಿಟೈರಾಗಿ ತುಂಬಾ ವರ್ಷ ಆಯ್ತು. ಇದು ನನ್ನ ಸ್ವಂತ ಕೆಲಸಕ್ಕೆ."

"ಆಧಾರ್ ಕೊಡಿ."

ಕೊಟ್ಟ. ಮೇಡಂ ಕಾರ್ಡನ್ನು ಮುಂದೆಯೂ ನೋಡಿದರು, ತಿರುಗಿಸಿ ಹಿಂದೆಯೂ ನೋಡಿದರು. ಪರಮೇಶ ಹೇಳಿದ್ದರಲ್ಲಿ ಅರ್ಧ ಅಲ್ಲೇ ಸುಳ್ಳಾಯಿತು. ಕಾಂತರಾಜ ಕಣ್ಣು ಮುಚ್ಚಿ ಕಿಟಕಿಯ ಸರಳು ಹಿಡಿದುಕೊಂಡ. ಸರಳು ಹಿಡಿಯುವುದು ಮುಂದೆ ಹೇಗೂ ಅಭ್ಯಾಸವಾಗಬೇಕಿತ್ತು.

"ಕೇಸ್ ಮಾತ್ರ ಹಾಕಬೇಡಿ ಮೇಡಂ. ಮನೇಲಿ ಹೆಂಡ್ತಿ ಇದಾಳೆ, ತಂದೆ ಇದಾರೆ."

"ಯಾಕ್ರೀ ಕೇಸು? ರೂಲ್ಸ್ ಪ್ರಕಾರ ಹದಿನೈದು ವರ್ಷ ತುಂಬಿರಬೇಕು. ನಿಮಗೆ ತುಂಬಿದೆ ತಾನೆ?"

ಕಾಂತರಾಜ ಒಂದು ಕಣ್ಣು ತೆರೆದ. "ಅದು ಕೆಳಗಿಂದು ಮೇಡಂ. ಮೇಲಿಂದು?"

"ಮೇಲಕ್ಕೆ ಯಾವ ಮಿತಿಯೂ ಇಲ್ಲ. ನೂರು ವರ್ಷದವರು ಬಂದ್ರೂ ತಗೋತೀವಿ. ಪೆನ್ ಹಿಡಿಯೋಕೆ ಶಕ್ತಿ ಇದ್ರೆ ಸಾಕು."

ಕಾಂತರಾಜನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಅಲ್ಲಿ ಏನೂ ಸಿಗದೆ ಹಿಂದಕ್ಕೆ ಬಂತು. ಇಪ್ಪತ್ತೈದು ವರ್ಷ ಎಣ್ಣೆ ಹಚ್ಚಿ ಸಾಕಿದ್ದನ್ನು ಇಲ್ಲದ ಕಾನೂನೊಂದಕ್ಕೆ ಅವನು ಒಪ್ಪಿಸಿ ಬಂದಿದ್ದ. ಅರ್ಜಿ ತುಂಬಿದ, ಫೀಸು ಕಟ್ಟಿದ, ನೇರ ಬಸ್ ಸ್ಟ್ಯಾಂಡಿಗೆ ನಡೆದ. ಆಸ್ಪತ್ರೆ, ರಿಪೋರ್ಟು ಎರಡೂ ತಲೆಯಿಂದ ಹಾರಿಹೋಗಿದ್ದವು.

ಭದ್ರಾವತಿ ಬಸ್ಸು ಹತ್ತಿ ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತರೆ, ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಈಶ್ವರಮ್ಮ. ಅದೇ ಬೀದಿಯವರು, ದಿನಾ ಶಿವಮೊಗ್ಗದ ಮಾರ್ಕೆಟ್ಟಿಗೆ ಬಂದು ಹೂ ಕೊಂಡು ಹೋಗುವವರು. ಓಲ್ಡ್ ಟೌನಿನ ಯಾವ ಸಾವೂ ಈಶ್ವರಮ್ಮನವರು ಅಳದೆ ಪೂರ್ತಿಯಾಗುತ್ತಿರಲಿಲ್ಲ. ಗಾಳಿಗೆ ಟವೆಲು ಜಾರಿತು. ಈಶ್ವರಮ್ಮ ನೋಡಿದರು.

"ಅಯ್ಯೋ ಕಾಂತಾ! ಯಾವಾಗ ಆಯ್ತೋ ನನ್ನಪ್ಪಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಕಾಂತರಾಜನದು. ಹೈಸ್ಕೂಲಿನಿಂದ ಹೊರಗೆ ಬಂದದ್ದನ್ನು ಈಕೆ ನೋಡಿಬಿಟ್ಟಳು ಎಂದುಕೊಂಡ. ಕೈ ಮುಗಿದ. "ಈಗ ತಾನೇ ಮುಗಿಸಿ ಬಂದೆ ಚಿಕ್ಕಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬೇಡಿ. ಅಪ್ಪಾಜಿಗಂತೂ ಗೊತ್ತಾಗಲೇಬಾರದು."

ಈಶ್ವರಮ್ಮ ಅವನನ್ನೇ ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ, ಪಾಪ, ಎಂದು ನಿರ್ಧರಿಸಿದರು. ಅವನ ಬೋಳು ತಲೆ ಸವರಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದರು.

ಮನೆಯವರೆಗೆ ಈಕೆಯ ಜೊತೆ ನಡೆಯುವುದು ಬೇಡ ಎಂದು ಕಾಂತರಾಜ ಮೊದಲೇ ಇಳಿದುಕೊಂಡ. ಹೊಳೆಯ ಸೇತುವೆಯ ಹತ್ತಿರ ಕೂತು, ಅಪ್ಪನಿಗೆ ಏನು ಹೇಳುವುದು ಎಂದು ಸಂಜೆಯವರೆಗೆ ಯೋಚಿಸಿದ. ಉಪಾಯ ಹೊಳೆಯಲಿಲ್ಲ. ಈಶ್ವರಮ್ಮನ ಫೋನು ಮಾತ್ರ ಅಷ್ಟರಲ್ಲಿ ಮಾಡುವ ಕೆಲಸ ಮಾಡಿತ್ತು.

ಮೊದಲು ಹಾರ ಹಿಡಿದು ಬಂದವನು ಪರಮೇಶ. ಬಾಗಿಲು ತೆರೆದವರು ಭೂತಪ್ಪನವರೇ.

"ಏನೋ ಪರಮೇಶ, ಹಾರ ಯಾರಿಗೋ?"

ಯಾವತ್ತೂ ಉತ್ತರಕ್ಕೆ ತಡಕಾಡದ ಪರಮೇಶ ಬಾಯಿ ತೆರೆದ, ಮುಚ್ಚಿದ. "ನಿಮಗೇ ಅಂತ ತಂದೆ ಭೂತಪ್ಪಣ್ಣ" ಎಂದು ಅವರ ಕೊರಳಿಗೇ ಹಾಕಿ ಓಡಿದ. ಅವನ ಹಿಂದೆಯೇ ಊದಿನಕಡ್ಡಿ ಹಿಡಿದು ನಾಲ್ಕು ಜನ ಬಂದರು. ಜಗಲಿಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಭೂತಪ್ಪನವರನ್ನು ಕಂಡು ಗಕ್ಕನೆ ನಿಂತು, ಊದಿನಕಡ್ಡಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಬೆನ್ನ ಹಿಂದಿನಿಂದ ಹೊಗೆ ಬರುತ್ತಿತ್ತು. ಆಮೇಲೆ ಶಿವಮೊಗ್ಗದಿಂದ ಆಟೋದಲ್ಲಿ ಬೀಗರಾದ ಓಬಯ್ಯ ಮೇಷ್ಟ್ರು ಇಳಿದರು. "ಹೋಗಿಬಿಟ್ರಾ ಬೀಗ್ರೇ" ಎಂದು ಅಳುತ್ತಲೇ ಇಳಿದವರು ಬೀಗರ ಮುಖ ನೋಡಿ ಮತ್ತೆ ಆಟೋ ಹತ್ತಲು ಹೋದರು.

"ಏನಾಗಿದೆ ನಿಮಗೆಲ್ಲ?" ಭೂತಪ್ಪನವರು ಗುಡುಗಿದರು. ನೀವು ಸತ್ತಿದ್ದೀರಿ ಅಂತ ಕೇಳಿ ಬಂದೆವು ಎಂದು ಮುಖದ ಮೇಲೆ ಹೇಳುವುದಕ್ಕೆ ಯಾರಿಗೆ ಬಾಯಿ ಬಂದೀತು? ತಾನು ದುಡಿಯುತ್ತಿದ್ದ ಹೊಲಿಗೆ ಅಂಗಡಿಯಿಂದ ಓಡಿ ಬಂದ ಮೈತ್ರಿಯೂ ಮಾವನನ್ನು ನೋಡಿ "ಏನಿಲ್ಲ ಮಾವ, ಏನೂ ಇಲ್ಲ" ಎಂದು ಗೊಳೋ ಎಂದು ಅತ್ತಳು. ಏನೂ ಇಲ್ಲದಿದ್ದರೆ ಇವಳು ಅಳುವುದೇಕೆ? ಭೂತಪ್ಪನವರು ಮೆಲ್ಲಗೆ ಎದೆ ಮುಟ್ಟಿ ನೋಡಿಕೊಂಡರು.

ಆ ಹೊತ್ತಿಗೆ ಕಾಂತರಾಜ ಬಂದ. ಬೀದಿ ಎರಡಾಗಿ ದಾರಿ ಬಿಟ್ಟಿತು. ಅಪ್ಪ ಮಗನ ಬೋಳು ತಲೆ ನೋಡಿದರು, ಬೋಳು ಮುಖ ನೋಡಿದರು.

"ರಿಪೋರ್ಟ್ ಎಲ್ಲೋ?"

"ರಿ... ರಿಪೋರ್ಟಾ? ಅದು... ತಂದಿಲ್ಲ ಅಪ್ಪಾಜಿ."

ಭೂತಪ್ಪನವರ ದನಿ ಹುಟ್ಟಿದಾಗಿನಿಂದ ಮೊದಲ ಸಲ ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳುವಷ್ಟಾಯಿತು. "ಎಷ್ಟು ದಿನ ಅಂದ್ರೋ ಡಾಕ್ಟ್ರು?"

"ಅಯ್ಯೋ, ಹಾಗಲ್ಲ ಅಪ್ಪಾಜಿ..."

"ಇಷ್ಟು ಅವಸರ ಮಾಡಬಾರದಿತ್ತು ಮಗನೇ. ನಾನಿನ್ನೂ ಉಸಿರಾಡ್ತಾ ಇದೀನಲ್ಲೋ." ಎಂದವರೇ ಒಳಗೆ ಹೋಗಿ, ಹಾರ ಸಮೇತ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಒಂದು ಸುಳ್ಳು ಮುಚ್ಚಲು ಇನ್ನೊಂದು ಹೇಳಬೇಕು ಎನ್ನುತ್ತಾರೆ. ಕಾಂತರಾಜ ಹೇಳಿದ ಒಂದೊಂದೂ ಹಿಂದಿನದನ್ನು ಅಗಲವಾಗಿ ತೆರೆಯುತ್ತಿತ್ತು. "ಸೆಕೆ ಅಂತ ತೆಗೆಸಿದೆ ಅಪ್ಪಾಜಿ" ಎಂದ. ಡಿಸೆಂಬರ್ ತಿಂಗಳು, ಮನೆಯವರೆಲ್ಲ ಸ್ವೆಟರ್ ಹಾಕಿದ್ದರು. "ಹರಕೆ ಇತ್ತು ಅಪ್ಪಾಜಿ, ಮುಡಿ ಕೊಟ್ಟೆ" ಎಂದ. "ಯಾರ ಆಯಸ್ಸಿಗೋ ಹರಕೆ?" ಎಂದರು ಗೋಡೆಯ ಕಡೆಯಿಂದಲೇ. ಈಶ್ವರಮ್ಮ ಬಾಗಿಲ ಹತ್ತಿರ ಸಣ್ಣಗೆ ಅಳು ಶುರು ಮಾಡಿದರು.

ಮಾರನೆಯ ದಿನ ಓಡಿಹೋಗಿ ರಿಪೋರ್ಟ್ ತಂದ. ಎಲ್ಲ ಸರಿಯಾಗಿದೆ, ಹೊಗೆ ಕುಡಿದ ಹಳೆಯ ಎದೆ, ಸಿರಪ್ ಕುಡಿದರೆ ಸಾಕು ಎಂದಿತ್ತು. ಓಬಯ್ಯ ಮೇಷ್ಟ್ರು ಕನ್ನಡಕ ಹಾಕಿಕೊಂಡು ಅದನ್ನು ಕನ್ನಡದಲ್ಲಿ ಹೇಳಿದರು. ಭೂತಪ್ಪನವರು ತಿರುಗಲಿಲ್ಲ. "ಸಾಯೋರಿಗೆ ಇನ್ನೇನು ಬರೀತಾರೆ ಬೀಗ್ರೇ? ರಿಪೋರ್ಟ್ ಸುಳ್ಳು ಹೇಳಬೋದು. ಮಗನ ಮೀಸೆ ಸುಳ್ಳು ಹೇಳುತ್ತಾ?" ಡಾಕ್ಟರರನ್ನೇ ಫೋನಿನಲ್ಲಿ ಮಾತಾಡಿಸಿದ್ದಾಯಿತು. "ಅವರಿಗೂ ನೀನು ಹೇಳಿಕೊಟ್ಟಿದೀಯ" ಎಂದರು.

ಗಂಜಿ ಬೇಡ ಎಂದರು, ನೀರೂ ಅರ್ಧ ಲೋಟಕ್ಕೆ ಇಳಿಯಿತು. ರಿಟೈರಾದಾಗ ಕಾರ್ಖಾನೆಯವರು ಕೊಟ್ಟಿದ್ದ ವಾಚನ್ನು ಬಿಚ್ಚಿ ಮಗನ ಕೈಗಿಟ್ಟು, "ದಿನಾ ಕೀ ಕೊಡು" ಎಂದರು. ಆ ಕೈ ತಣ್ಣಗಿತ್ತು. ಕಾಂತರಾಜನಿಗೆ ಈಗ ಬಂದದ್ದು ನಿಜವಾದ ಭಯ. ಕಾಯಿಲೆಯಿಲ್ಲದ ಮನುಷ್ಯ ಬರೀ ಹೆದರಿಕೆಯಿಂದ ಹೋಗಿಬಿಡುತ್ತಾರೆ, ಆ ಹೆದರಿಕೆಗೆ ತಾನೇ ಕಾರಣ. ಜೀವಮಾನವೆಲ್ಲ ಈ ದನಿಗೆ ನಡುಗಿದವನು ಈಗ ಆ ದನಿ ಕೇಳೀತೇನೋ ಎಂದು ಗಳಿಗೆಗೊಮ್ಮೆ ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದ. ಇದ್ದಾಗ ಬೈಯುತ್ತಾರೆ ಎಂದು ಹೆದರಿಕೆ, ಇನ್ನು ಬೈಯುವುದೇ ಇಲ್ಲವೇನೋ ಎಂದು ಅದಕ್ಕಿಂತ ಹೆದರಿಕೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ಅವನದಾಯಿತು.

ಮೈತ್ರಿ ಅವನನ್ನು ಅಡುಗೆಮನೆಗೆ ಕರೆದಳು. "ರೀ, ಆ ಮೀಸೆ ಯಾಕೆ ಹೋಯ್ತು ಅಂತ ನಂಗೆ ಹೇಳಬೇಡಿ. ಅವರಿಗೆ ಹೇಳಿ. ಇಲ್ಲಾಂದ್ರೆ ಮಾವ ನಿಜವಾಗ್ಲೂ ಹೋಗಿ, ಮೀಸೆ ಹೋಗಿದ್ದು ಸರಿಯಾಗೇ ಹೋಯ್ತು ಅಂತ ಆಗಿಬಿಡುತ್ತೆ."

ಕಾಂತರಾಜ ನಡುಮನೆಗೆ ಬಂದ. ಬೀಗರಿದ್ದರು, ಪರಮೇಶನಿದ್ದ, ಬೀದಿಯ ಅರ್ಧ ಜನರಿದ್ದರು. ಮಂಚದ ಅಂಚು ಹಿಡಿದುಕೊಂಡು ಒಂದೇ ಉಸಿರಿನಲ್ಲಿ ಹೇಳಿದ.

"ಅಪ್ಪಾಜಿ, ನಾನು ಎಸ್ಸೆಸ್ಸೆಲ್ಸಿ ಫೇಲು. ಅವತ್ತು ಸುಳ್ಳು ಹೇಳಿದೆ. ಈಗ ಪರೀಕ್ಷೆ ಕಟ್ಟೋಕೆ ಹೋಗಿದ್ದೆ. ವಯಸ್ಸು ಜಾಸ್ತಿ ಕಾಣುತ್ತೆ ಅಂತ ಮೀಸೆ ತೆಗೆಸಿದೆ."

ಈಶ್ವರಮ್ಮನ ಅಳು ಅರ್ಧದಲ್ಲೇ ನಿಂತಿತು. 'ನಮ್ಮ ಕಡೆಯವನು' ಯಾರು ಎಂಬುದು ಪರಮೇಶನಿಗೆ ಹೊಳೆದು, ಅವನು ಬಾಗಿಲ ಕಡೆ ಸರಿಯತೊಡಗಿದ. ಮಂಚದ ಮೇಲಿನ ಬೆನ್ನು ಅಲುಗಾಡಿತು.

"ಏನಂದೆ?" ಆ ದನಿ ಮೂರನೇ ಮನೆಗೆ ಕೇಳಿತು.

"ಫೇಲು ಅಪ್ಪಾಜಿ. ಲೆಕ್ಕದಲ್ಲಿ."

"ಲೆಕ್ಕದಲ್ಲಾ?" ಎಂದು ಓಬಯ್ಯ ಮೇಷ್ಟ್ರು ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. ಇಂಗ್ಲಿಷಿನಲ್ಲಿ ಹೋಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು.

ಭೂತಪ್ಪನವರು ಎದ್ದು ಕೂತರು. "ಪೇಡ ಹಂಚಿದ್ನಲ್ಲೋ! ಇಡೀ ಬೀದಿಗೆ ಹಂಚಿದ್ನಲ್ಲೋ! ಬೀಗರ ಮುಂದೆ ಎದೆ ತಟ್ಟಿ ಹೇಳಿ ಹೆಣ್ಣು ತಂದ್ನಲ್ಲೋ!" ಎದ್ದು ನಿಂತರು. ಗೋಡೆಗೆ ಒರಗಿಸಿದ್ದ ಕೋಲು ಕೈಗೆ ಬಂತು. ಅನ್ನ ನೀರು ಬಿಟ್ಟಿದ್ದ ಎಪ್ಪತ್ತೆಂಟರ ಮುದುಕ ನಲವತ್ತಾರರ ಮಗನನ್ನು ಅಟ್ಟಿಸಿಕೊಂಡು ಬೀದಿಗೆ ಇಳಿದರು. ಸಂತಾಪಕ್ಕೆ ಬಂದಿದ್ದವರು ಕುರ್ಚಿ ಬೀಳಿಸಿಕೊಂಡು ದಾರಿ ಬಿಟ್ಟರು. ಮಾರಮ್ಮನ ಗುಡಿ ಸುತ್ತಿ, ಪರಮೇಶನ ಅಂಗಡಿ ಸುತ್ತಿ, ನೀರಿನ ಟ್ಯಾಂಕಿನ ಹತ್ತಿರ ಕಾಂತರಾಜ ಬೇಕೆಂದೇ ನಿಂತ. ಬೆನ್ನ ಮೇಲೆ ಕೋಲು ಬಿತ್ತು. ಅಷ್ಟು ಹಿತವಾದ ಏಟನ್ನು ಅವನು ತಿಂದೇ ಇರಲಿಲ್ಲ.

ಭೂತಪ್ಪನವರು ಏದುಸಿರು ಬಿಡುತ್ತಾ ಟ್ಯಾಂಕಿಗೆ ಒರಗಿ ನಿಂತು, ಇಡೀ ಓಲ್ಡ್ ಟೌನಿಗೆ ಕೇಳುವಂತೆ ಹೇಳಿದರು. "ಕೇಳ್ರೋ ಎಲ್ಲಾ. ಈ ನನ್ನ ಮಗ ಎಸ್ಸೆಸ್ಸೆಲ್ಸಿ ಪಾಸಾಗೋ ತನಕ ನಾನು ಸಾಯಲ್ಲ. ಆ ಕಾರ್ಡು ನನ್ನ ಕೈಗೆ ಬರೋ ತನಕ ಯಮ ಬಂದ್ರೂ ಜಗಲಿ ಮೇಲೆ ಕೂತು ಕಾಯಬೇಕು. ಮೈತ್ರಿ, ಗಂಜಿ ಬೇಡಮ್ಮ. ಮುದ್ದೆ ಮಾಡು."

ಅಲ್ಲಿಂದ ಆ ಮನೆಯೇ ಒಂದು ಶಾಲೆಯಾಯಿತು. ಲೆಕ್ಕ ಕಲಿಸುವುದು ಮರ್ಯಾದೆಯ ಪ್ರಶ್ನೆ ಎಂದು ಓಬಯ್ಯ ಮೇಷ್ಟ್ರು ಶಿವಮೊಗ್ಗಕ್ಕೆ ಹಿಂತಿರುಗದೆ ಅಳಿಯನ ಮನೆಯಲ್ಲೇ ಝಾಂಡಾ ಊರಿದರು. ಕೋಳಿ ಕೂಗುವ ಮುಂಚೆ ಭೂತಪ್ಪನವರು ಎದ್ದು ಮಗನನ್ನು ಎಬ್ಬಿಸುವರು. ಅವನು ಓದುವಾಗ ಕೋಲು ಹಿಡಿದು ಎದುರಿಗೆ ಕೂರುವರು. ಕೆಮ್ಮು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಎರಡು ಮುದ್ದೆ ಉಂಡು ಜೀರ್ಣಿಸಿಕೊಳ್ಳುತ್ತಿದ್ದರು. ಮ್ಯಾನೇಜರ್ ನವೀನ್, "ರಿಸಲ್ಟ್ ಬರೋವರೆಗೂ ನೀವೇ ಸ್ಟೋರ್ಸ್ ನೋಡ್ಕೊಳ್ಳಿ" ಎಂದ. ಕಾಂತರಾಜನಿಗೂ ಯಾಕೋ ಲೆಕ್ಕ ತಲೆಗೆ ಹತ್ತತೊಡಗಿತು. ಪೈಥಾಗೊರಸ್ಸಿನ ಪ್ರಮೇಯವನ್ನು ಅವನು ಸ್ನಾನದ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಬೀದಿಗೆ ಕೇಳುತ್ತಿತ್ತು.

ಲೆಕ್ಕದ ಪರೀಕ್ಷೆಯ ದಿನ ಭೂತಪ್ಪನವರೇ ಅವನನ್ನು ಪರೀಕ್ಷಾ ಕೇಂದ್ರದ ಗೇಟಿನವರೆಗೆ ಕರೆದುಕೊಂಡು ಹೋದರು. ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರ ನಡುವೆ ನಿಂತು, ಮಗನ ಜೇಬಿನಲ್ಲಿ ಪೆನ್ನು ಇದೆಯೇ ಎಂದು ತಡವಿ ನೋಡಿದರು. "ಹೆದರಬೇಡ" ಎಂದರು. ಆ ಮಾತನ್ನು ಅವರು ಮಗನಿಗೆ ಹೇಳಿದ್ದು ಅದೇ ಮೊದಲು.

ಕಾಂತರಾಜ ಪ್ರಶ್ನೆಪತ್ರಿಕೆ ತೆರೆದ. ಎಲ್ಲವೂ ಬರುತ್ತಿತ್ತು. ಬರೆದ, ಇನ್ನೂ ಬರೆದ. ಮಾವ ಹೇಳಿಕೊಟ್ಟ ಲೆಕ್ಕಗಳು ಸಾಲಾಗಿ ಬಂದು ಕೂತವು. ಪಾಸಿನ ಅಂಕ ದಾಟುವ ಹೊತ್ತಿಗೆ ಅವನ ಪೆನ್ನು ನಿಂತಿತು.

ಅಪ್ಪ ಆಡಿದ ಮಾತಿಗೆ ಒಂದು ದಿನವಾದರೂ ತಪ್ಪಿದವರಲ್ಲ. ಪಾಸಾಗೋ ತನಕ ಸಾಯಲ್ಲ ಎಂದಿದ್ದಾರೆ. ಪಾಸಾದರೆ?

ಕಿಟಕಿಯಿಂದ ನೋಡಿದ. ರಸ್ತೆಯಾಚೆ ಮರದ ಕೆಳಗೆ ಭೂತಪ್ಪನವರು ನೆಟ್ಟಗೆ ನಿಂತು, ಕಡ್ಲೆಕಾಯಿ ಮಾರುವವನಿಗೆ ಅಳತೆ ಸರಿಯಿಲ್ಲ ಎಂದು ಬೈಯುತ್ತಿದ್ದರು. ಬೈಗುಳ ಪರೀಕ್ಷೆಯ ಕೋಣೆಯವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಂತರಾಜ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತಾ ಕೂತ. ಆಮೇಲೆ ಉತ್ತರ ಪತ್ರಿಕೆಯ ಮೊದಲ ಪುಟದಿಂದ ಶುರು ಮಾಡಿ, ಸರಿಯಾಗಿದ್ದ ಒಂದೊಂದು ಲೆಕ್ಕದ ಮೇಲೂ ನೀಟಾಗಿ ಗೀಟು ಎಳೆದ.

ರಿಸಲ್ಟನ್ನು ಜಗಲಿಯ ಮೇಲೆ ಪರಮೇಶ ಮೊಬೈಲಿನಲ್ಲಿ ನೋಡಿ ಓದಿದ. ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಫೇಲು.

"ಸಾಧ್ಯವೇ ಇಲ್ಲ!" ಓಬಯ್ಯ ಮೇಷ್ಟ್ರು ಕನ್ನಡಕ ಕಿತ್ತರು. "ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ರಲ್ಲ ಅಳಿಯಂದ್ರೇ!"

ಮೈತ್ರಿ ಗಂಡನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಮುದ್ದೆಗೆ ಎಸರಿಡಲು ಒಳಗೆ ಹೋದಳು.

ಭೂತಪ್ಪನವರು ಕೋಲು ಎತ್ತಿಕೊಂಡು ಎದ್ದರು. ಮೀಸೆ ಕುಣಿಯುತ್ತಿತ್ತು. "ಅಯ್ಯೋ ದಡ್ಡ ಮುಂಡೇದೇ! ಇನ್ನೂ ಎಷ್ಟು ವರ್ಷ ಕಾಯಿಸ್ತೀಯೋ ನನ್ನ?"

ಕಾಂತರಾಜ ಓಡಲಿಲ್ಲ. ಅಪ್ಪನ ಮುಖವನ್ನು ನೆಟ್ಟಗೆ ನೋಡಿ ಬೆನ್ನು ತಿರುಗಿಸಿ ನಿಂತುಕೊಂಡ.

"ಅವಸರ ಏನಿಲ್ಲ ಅಪ್ಪಾಜಿ" ಎಂದ.